ಕೊಕ್ಕೆಗೆ ಹಾಕಿದ ಕೀಲಿ

ಸುರಂಗದ ಕ್ಯಾಂಪ್
ಮಾರ್ಚ್ 4

ಸಾಹೇಬ,

ನಿನ್ನ ಕಾಗದ ಬಂತು. ಅದರೊಳಗಿನ ಬೈಗುಳವೂ ಬಂತು. ಕನ್ನಡಕ ಹಾಕಿಕೊಂಡೇ ಓದಿದೆ, ನಿನ್ನಾಣೆ. ಆದರೆ ಕ್ಯಾಂಪಿನಲ್ಲಿ ಎಲ್ಲರ ಎದುರು ಹಾಕಿಕೋ ಅಂತ ಮಾತ್ರ ಹೇಳಬೇಡ. ದಿನವಿಡೀ ಬಂಡೆ ಕೊರೆಯುವ ನನಗೆ ಹತ್ತಿರದ ಅಕ್ಷರ ಕಾಣುವುದಿಲ್ಲ ಅಂತ ಗೊತ್ತಾದರೆ ಈ ಹುಡುಗರು ನಾಳೆಯಿಂದಲೇ ತಾತ ಅಂತ ಕರೆಯುತ್ತಾರೆ. ಕನ್ನಡಕದ ಅಂಗಡಿಯವನಿಗೆ ಇದೆಲ್ಲ ಅರ್ಥವಾಗುವುದಿಲ್ಲ ಬಿಡು.

ಇವತ್ತು ಬರೆಯಬೇಕಾದದ್ದು ಬೇರೆ ಇದೆ. ನಿನ್ನೆ ಪಕ್ಕದ ಗೋಡೆ ಕೊರೆಯುತ್ತಿದ್ದಾಗ ಯಂತ್ರ ಇದ್ದಕ್ಕಿದ್ದಂತೆ ಮುಗ್ಗರಿಸಿತು. ಎದುರಿಗೆ ಕಲ್ಲೇ ಇಲ್ಲ. ತೂತು ದೊಡ್ಡದು ಮಾಡಿ ದೀಪ ಹಿಡಿದರೆ ಒಳಗೊಂದು ಕೋಣೆ. ಯಾರೂ ಕಟ್ಟದ ಕೋಣೆ. ನೆಲ, ಗೋಡೆ, ಸೂರು, ಎಲ್ಲವೂ ಹರಳು. ಒಂದೊಂದೂ ನನ್ನ ತೋಳಿನಷ್ಟು ಉದ್ದ. ನಮ್ಮ ಒಂದು ದೀಪಕ್ಕೆ ಇಡೀ ಕೋಣೆ ಉರಿದುಬಿಟ್ಟಿತು. ಈ ಬೆಳಕು ಇಷ್ಟು ಕಾಲ ಎಲ್ಲಿತ್ತು ಸಾಹೇಬ? ನಾವು ಬಾರದೇ ಹೋಗಿದ್ದರೆ ಅದು ಹಾಗೇ ಕತ್ತಲಲ್ಲಿ ಕೂತಿರುತ್ತಿತ್ತಾ?

ಬಂಡೆಗೆ ಬೈದುಕೊಂಡೇ ವಯಸ್ಸಾದ ನಮ್ಮ ಮೇಸ್ತ್ರಿ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾವು ನೋಡ್ಬಾರದ್ದೇನೋ ನೋಡ್ತಿದ್ದೀವಿ ಕಣ್ರೋ" ಅಂದ. ನಾನು ಹತ್ತಿರ ಹೋಗಿ ಒಂದು ಹರಳಿನ ಮೇಲೆ ಕೈ ಇಟ್ಟೆ. ಅಷ್ಟು ಹತ್ತಿರದಿಂದ ನನಗೆ ಕಂಡದ್ದು ಮಬ್ಬು ಬೆಳಕು ಅಷ್ಟೇ. ಕನ್ನಡಕ ಜೇಬಿನಲ್ಲೇ ಇತ್ತು. ಹುಡುಗರು ಪಕ್ಕದಲ್ಲೇ ಇದ್ದರು, ತೆಗೆಯಲಿಲ್ಲ. ಆಮೇಲೆ ಎಂಜಿನಿಯರಮ್ಮ ಬಂದು ನೋಡಿ, ಅಪಾಯ ಅಂತ ತೂತು ಮುಚ್ಚಿಸಿದರು.

ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಕಡೆ ನನ್ನ ಕಾಗದ ಎಲ್ಲಿ ಓದುತ್ತೀಯ ಅಂತ ಕೇಳಿದ್ದೆಯಲ್ಲ. ಹೇಳುತ್ತೇನೆ, ಸಿಟ್ಟಾಗಬಾರದು. ಸುರಂಗದ ಬಾಯಲ್ಲಿ ಒಂದು ಹಲಗೆ ಇದೆ. ಪ್ರತಿಯೊಬ್ಬನಿಗೂ ಅದರಲ್ಲಿ ಒಂದು ಕೊಕ್ಕೆ, ಕೈಗೊಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವಾಗ ಬಿಲ್ಲೆ ಕೊಕ್ಕೆಗೆ, ಹೊರಗೆ ಬಂದಾಗ ಜೇಬಿಗೆ. ಒಬ್ಬನ ಕೊಕ್ಕೆಯಲ್ಲಿರುವುದನ್ನು ಇನ್ನೊಬ್ಬ ತೆಗೆಯುವಂತಿಲ್ಲ, ಜೀವಸಹಿತ ಬಂದವನೇ ತನ್ನ ಕೈಯಾರೆ ತೆಗೆಯಬೇಕು. ಮೇಸ್ತ್ರಿ ಇದನ್ನು ದೇವರ ಕೆಲಸದ ಹಾಗೆ ಪಾಲಿಸುತ್ತಾನೆ. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಒಳಗಿಲ್ಲ ಅಂತ ಲೆಕ್ಕ. ನಿನ್ನ ಕಾಗದ ಬಂದ ದಿನ ನಾನು ಎಲ್ಲರ ಜೊತೆ ಬಿಲ್ಲೆ ತೆಗೆದು ಜೇಬಿಗೆ ಹಾಕುತ್ತೇನೆ. ಆಮೇಲೆ ಏನೋ ಮರೆತವನ ಹಾಗೆ ಹಿಂದೆ ಉಳಿದು ಮತ್ತೆ ಒಳಗೆ ನುಸುಳುತ್ತೇನೆ. ಮೊದಲು ಸಿಡಿಮದ್ದಿನ ಪೆಟ್ಟಿಗೆ ಇಡುತ್ತಿದ್ದ ಗೂಡೊಂದು ಖಾಲಿ ಬಿದ್ದಿದೆ, ಆ ಹರಳಿನ ಕೋಣೆಗೆ ಬೆನ್ನು ಹಚ್ಚಿಕೊಂಡು. ಅಲ್ಲಿ ಕೂತು, ಕನ್ನಡಕ ಹಾಕಿಕೊಂಡು, ನಿನ್ನನ್ನು ಓದುತ್ತೇನೆ. ಲೋಕದಲ್ಲಿ ನನ್ನ ಮುಖ ಯಾರೂ ನೋಡದ ಜಾಗ ಅದೊಂದೇ.

ನಿನ್ನ
ಹೆಗ್ಗಣ


ಅಂಗಡಿ
ಮಾರ್ಚ್ 9

ಪ್ರೀತಿಯ ಹೆಗ್ಗಣವೇ,

ನಿನಗೆ ಬುದ್ಧಿ ಇದೆಯಾ? ಬಿಲ್ಲೆ ತೆಗೆದು ಒಳಗೆ ಹೋಗುವುದಂತೆ! ನಾಳೆ ಒಂದು ಕಲ್ಲು ಉರುಳಿದರೆ ನೀನು ಇದ್ದೀಯ ಅಂತ ಯಾರಿಗೆ ಗೊತ್ತಾಗಬೇಕು? ನನ್ನ ಕಾಗದವನ್ನು ಕಕ್ಕಸಿನಲ್ಲಿ ಕೂತು ಓದು. ನನಗೇನೂ ಬೇಸರವಿಲ್ಲ.

ಆ ಹರಳಿನ ಕೋಣೆಯ ವಿಷಯ ಓದಿ ನಿಜಕ್ಕೂ ಮೈ ಜುಮ್ಮೆಂದಿತು. ಆಮೇಲೆ ನೀನು ಕನ್ನಡಕ ಜೇಬಿನಿಂದ ತೆಗೆಯಲಿಲ್ಲ ಅನ್ನುವ ಸಾಲಿಗೆ ಬಂದು ಮೈಯೆಲ್ಲ ಉರಿಯಿತು. ಆ ಗಾಜನ್ನು ಉಜ್ಜಿ ಉಜ್ಜಿ ನಿನ್ನ ಕಣ್ಣಿಗೆ ಸರಿಹೊಂದಿಸಿದವನು ನಾನು. ಲೋಕದ ಅದ್ಭುತ ಎದುರಿಗೆ ಬಂದಾಗ ಹಾಕದ ಕನ್ನಡಕ ಇನ್ಯಾವಾಗ ಹಾಕುತ್ತೀಯ?

ಇಲ್ಲಿ ಎಲ್ಲ ಮಾಮೂಲು. ನಿನ್ನೆ ಒಬ್ಬ ಹೆಂಗಸು ಬಂದು ಹೊಸ ಕನ್ನಡಕ ವಾಪಸು ಕೊಟ್ಟಳು. "ಇದ್ರಲ್ಲಿ ನಮ್ಮನೆಯವ್ರು ತೀರಾ ಸ್ಪಷ್ಟವಾಗಿ ಕಾಣ್ತಾರೆ, ಸ್ವಲ್ಪ ಕಮ್ಮಿ ಮಾಡಿಕೊಡಿ" ಅಂದಳು. ಅಕ್ಕ ನಕ್ಕು ನಕ್ಕು ಕೌಂಟರಿನ ಕೆಳಗೆ ಕೂತುಬಿಟ್ಟಳು. ನಿನ್ನ ಕಾಗದ ಬಂದಾಗಲೆಲ್ಲ "ನಿನ್ನ ಚಿಕ್ಕಪ್ಪನ ಮಗ ಏನು ಬರ್ದಿದ್ದಾನೆ?" ಅಂತ ಕೇಳುತ್ತಾಳೆ. ಹವಾಮಾನ ಅನ್ನುತ್ತೇನೆ. ನಾಲ್ಕು ಹಾಳೆ ಹವಾಮಾನ.

ಈಗ ಹಾಳೆ ತಿರುಗಿಸುವ ಮೊದಲು ಸರಿಯಾಗಿ ಕೂತುಕೋ.

(ಎರಡನೇ ಹಾಳೆ)

ಅಂಗಡಿಯ ಮಹಡಿ ಖಾಲಿಯಾಯಿತು. ಟೈಪಿಂಗ್ ಕಲಿಸುತ್ತಿದ್ದ ಮೇಷ್ಟ್ರು ಮಗಳ ಮನೆಗೆ ಹೋದರು. ಒಂದು ಕೋಣೆ, ಅಡಿಗೆಗೆ ಒಂದು ಮೂಲೆ, ಬೀದಿ ಕಡೆ ಕಿಟಕಿ. ಬೆಳಿಗ್ಗೆ ಎದುರಿನ ಬೇಕರಿಯಿಂದ ಬ್ರೆಡ್ಡಿನ ವಾಸನೆ ನೇರ ಒಳಗೆ ಬರುತ್ತದೆ.

ಈ ತಿಂಗಳ ಕೊನೆಗೆ ನಿನ್ನ ಗುತ್ತಿಗೆ ಮುಗಿಯುತ್ತದೆ. ಇನ್ನೊಂದು ಗುಡ್ಡಕ್ಕೆ ಹೋಗಬೇಡ. ಇಲ್ಲಿಗೆ ಬಾ. ಬಾಡಿಗೆದಾರ ಅಂತ ಅಕ್ಕನಿಗೆ ಹೇಳುತ್ತೇನೆ, ಬೀದಿಗೂ ಅದನ್ನೇ ಹೇಳುತ್ತೇನೆ. ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಯಾಕೆ ಅಂತ ಕೇಳಿದರೆ ಕೆಳಗೆ ಅಂಗಡಿ, ಮೇಲೆ ಬಾಡಿಗೆ, ಅಷ್ಟೇ. ಇಷ್ಟು ವರ್ಷ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿ ಬಸ್ ಸ್ಟ್ಯಾಂಡಿನಲ್ಲೇ ಬೀಳ್ಕೊಟ್ಟವರು ನಾವು. ಒಂದು ಸಲವೂ ನಿನ್ನನ್ನು ನಿದ್ದೆಯಿಂದ ಎಬ್ಬಿಸಿಲ್ಲ. ನನಗೆ ಅದು ಬೇಕು. ಹೂಂ ಅಥವಾ ಊಹೂಂ, ಒಂದೇ ಮಾತು ಬರೆ.

ನಿನ್ನ
ಸಾಹೇಬ


ಅಂಗಡಿ
ಮಾರ್ಚ್ 14

ಹೆಗ್ಗಣ,

ನಿಮ್ಮ ಸುರಂಗದೊಳಗೆ ಕುಸಿತವಾಯಿತು ಅಂತ ಮೊನ್ನೆ ರೇಡಿಯೋದಲ್ಲಿ ಕೇಳಿ ಉಜ್ಜುತ್ತಿದ್ದ ಗಾಜನ್ನು ಕೆಳಗೆ ಹಾಕಿಬಿಟ್ಟೆ. ಕೂಡಲೇ ಎಲ್ಲರೂ ಹೊರಗಿದ್ದಾರೆ, ಹಲಗೆಯ ಕೊಕ್ಕೆಗಳೆಲ್ಲ ಖಾಲಿ, ಯಾರಿಗೂ ಏನೂ ಆಗಿಲ್ಲ ಅಂದರು. ಹೋದ ಜೀವ ಬಂತು.

ಅಂದಮೇಲೆ ನೀನು ಚೆನ್ನಾಗಿದ್ದೀಯ. ಕೆಲಸವೂ ನಿಂತಿದೆ, ಬೇಕಾದಷ್ಟು ಹೊತ್ತಿದೆ. ಆದರೂ ಒಂದು ಮಾತು ಬರೆಯಲು ನಿನ್ನಿಂದ ಆಗಲಿಲ್ಲ. ಸರಿ, ಅರ್ಥವಾಯಿತು. ನಾನು ಆತುರಪಟ್ಟೆ. ನಿನಗೆ ಗುಡ್ಡವೇ ಸಾಕು ಅಂತ ಕಾಣುತ್ತದೆ.

ಮಹಡಿಗೆ ಬೀಗ ಹಾಕಿದ್ದೇನೆ. ಬೇರೆ ಯಾರಾದರೂ ಕೇಳಿದರೆ ಕೊಡುತ್ತೇನೆ. ನಿನಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸು.

ಕನ್ನಡಕದ ಅಂಗಡಿಯವನು


ಸುರಂಗದ ಕ್ಯಾಂಪ್
ಮಾರ್ಚ್ 14

ಅಣ್ಣಾವ್ರಿಗೆ ನಮಸ್ಕಾರ.

ನಾನು ನಿಮ್ಮ ಚಿಕ್ಕಪ್ಪನ ಮಗನ ಪಕ್ಕದ ಹಾಸಿಗೆಯವನು. ಅವನು ನನ್ನನ್ನು ಗೊರಕೆ ಅಂತ ಕರೆಯುತ್ತಾನೆ, ನಿಮಗೂ ಹಾಗೇ ಹೇಳಿರಬಹುದು. ನಿಮ್ಮ ವಿಳಾಸ ಅವನ ಪೆಟ್ಟಿಗೆಯ ಮುಚ್ಚಳದಲ್ಲಿ ಬರೆದಿತ್ತು. ಈ ಕಾಗದವನ್ನು ನಿಮ್ಮ ಊರಿನ ಕಡೆ ಬರುವ ಲಾರಿ ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ.

ಕುಸಿತವಾದ ಮೇಲೆ ಕೆಲಸ ನಿಲ್ಲಿಸಿ ಎಲ್ಲರಿಗೂ ರಜೆ ಕೊಟ್ಟರು. ಅರ್ಧ ಜನ ಅವತ್ತೇ ಊರಿಗೆ ಹೊರಟರು. ಅವನೂ ನಿಮ್ಮಲ್ಲಿಗೆ ಬಂದ ಅಂದುಕೊಂಡೆವು. ಹೇಳದೇ ಹೋದನಲ್ಲ ಅಂತ ಸ್ವಲ್ಪ ಬೇಜಾರೂ ಆಯಿತು. ಬಟ್ಟೆ, ಚಪ್ಪಲಿ, ಗಡ್ಡ ಮಾಡುವ ಸಾಮಾನು ಎಲ್ಲ ಇಲ್ಲೇ ಬಿಟ್ಟಿದ್ದಾನೆ. ಕಳಿಸಬೇಕಾ? ಪೆಟ್ಟಿಗೆಯಲ್ಲಿ ಒಂದು ಕನ್ನಡಕದ ಡಬ್ಬಿಯೂ ಇದೆ, ಖಾಲಿ. ಅವನಿಗೆ ಕನ್ನಡಕ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ ನೋಡಿ! ಬಂದಾಗ ಅವನನ್ನು ಬಿಡುವುದಿಲ್ಲ.

ಇಂತಿ,
ಗೊರಕೆ


ತಂತಿ
ಮಾರ್ಚ್ 15

ಇಲ್ಲಿಗೆ ಬಂದಿಲ್ಲ. ಒಳಗಿದ್ದಾನೆ. ಹಳೆ ಮದ್ದಿನ ಗೂಡು. ಯಂತ್ರ ಎಲ್ಲ ನಿಲ್ಲಿಸಿ ಕಿವಿಗೊಡಿ. ಹೊರಟಿದ್ದೇನೆ.


ಗುಡ್ಡದ ಮೇಲೆ, ಕೊಳವೆಯ ಬಾಯಿ
ಮಾರ್ಚ್ 17, ಬೆಳಿಗ್ಗೆ

ತಮ್ಮಾ,

ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಕನ್ನಡಕ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ನೀನು ಕಬ್ಬಿಣ ಬಡಿದ ಸದ್ದು ಕೇಳಿಸಿತು. ಎಲ್ಲರಿಗೂ ಕೇಳಿಸಿತು.

ಮೇಲಿನಿಂದ ಕೊರೆದು ನಿನ್ನವರೆಗೆ ಇಳಿಸಿದ ಈ ಕೊಳವೆಯಲ್ಲಿ ಟಾರ್ಚು, ಪೆನ್ಸಿಲು, ಹಾಲು ಕಳಿಸಿದ್ದಾರೆ. ಹಾಲು ನಿಧಾನವಾಗಿ ಕುಡಿ. ಇದರ ಹಿಂಬದಿಯಲ್ಲೇ ಬರೆದು ದಾರಕ್ಕೆ ಕಟ್ಟು. ಇಲ್ಲಿ ಎಲ್ಲರೂ ಓದುತ್ತಾರೆ.

ನಿನ್ನ ದೊಡ್ಡಪ್ಪನ ಮಗ


(ಅದರ ಹಿಂಬದಿಯಲ್ಲಿ)

ಅಣ್ಣನವರಿಗೆ ನಮಸ್ಕಾರಗಳು.

ಜೀವ ಇದೆ. ಎಡಗಾಲು ಕಲ್ಲಿನಡಿ ಸಿಕ್ಕಿತ್ತು, ಎಳೆದುಕೊಂಡೆ, ಊದಿದೆ. ಗೂಡಿನ ಹಿಂದಿನ ಗೋಡೆ ಬಿರಿದು ಹರಳಿನ ಕೋಣೆಗೆ ದಾರಿಯಾಯಿತು, ಅದು ಸ್ವಲ್ಪ ಎತ್ತರದಲ್ಲಿದೆ, ಅಲ್ಲಿ ಒರಗಿದ್ದೇನೆ. ಎಲ್ಲಿಂದಲೋ ಗಾಳಿ ಬರುತ್ತದೆ. ನೀರಿಗೆ ಕೊರತೆ ಇಲ್ಲ.

ಹೆಲ್ಮೆಟ್ಟಿನ ದೀಪ ಮೊದಲ ದಿನವೇ ಸತ್ತಿತು. ಕನ್ನಡಕ ಚೂರಾಗಿದೆ. ತಮ್ಮ ಕಾಗದದ ಮೊದಲ ಹಾಳೆ ಮುಗಿಸಿ ಎರಡನೆಯದು ತಿರುಗಿಸುವಾಗಲೇ ಗುಡ್ಡ ಕೂತಿತು. ಆ ಹಾಳೆ ಇಷ್ಟು ದಿನ ಅಂಗಿಯೊಳಗೆ ಇಟ್ಟುಕೊಂಡಿದ್ದೇನೆ. ಟಾರ್ಚು ಹಿಡಿದರೂ ಅಕ್ಷರ ಕೂಡುತ್ತಿಲ್ಲ. ಅದರಲ್ಲಿ ಏನಿದೆ ಅಂತ ದಯವಿಟ್ಟು ತಿಳಿಸಬೇಕು.

ತಮ್ಮ ತಮ್ಮ


ಮಾರ್ಚ್ 17, ಮಧ್ಯಾಹ್ನ

ತಮ್ಮಾ,

ಎರಡನೇ ಹಾಳೆಯಲ್ಲಿ ಅಂಥ ವಿಶೇಷವೇನಿಲ್ಲ. ಮನೆಯ ಸುದ್ದಿ. ನಾನು ಬರೆದು ಹೇಳುವಂಥದ್ದಲ್ಲ.

ಕಾಲ್ಚೀಲದಲ್ಲಿ ಸುತ್ತಿ ಇನ್ನೊಂದು ಕನ್ನಡಕ ಕಳಿಸುತ್ತಿದ್ದೇನೆ. ನೀನು ಒಡೆದುಕೊಳ್ಳುವ ಗಿರಾಕಿ ಅಂತ ಗೊತ್ತಿದ್ದೇ ಆವತ್ತು ಎರಡು ಜೊತೆ ಮಾಡಿದ್ದೆ. ದಾರ ಮೆಲ್ಲಗೆ ಎಳೆ.

ಕಾಲು ಅಲ್ಲಾಡಿಸಬೇಡ. ಇಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ.

ದೊಡ್ಡಪ್ಪನ ಮಗ


ಮಾರ್ಚ್ 18, ಬೆಳಿಗ್ಗೆ

ಸಾಹೇಬ,

ಈ ಕಾಗದ ಯಾರು ಓದಿದರೂ ಓದಲಿ. ಗೊರಕೆ ಓದಲಿ, ಮೇಸ್ತ್ರಿ ಓದಲಿ, ಗಟ್ಟಿಯಾಗಿ ಓದಿ ಗುಡ್ಡಕ್ಕೆಲ್ಲ ಕೇಳಿಸಲಿ. ತಮ್ಮ, ಅಣ್ಣ, ದೊಡ್ಡಪ್ಪ ಅನ್ನುವ ಆಟ ನನಗೆ ಸಾಕಾಯಿತು.

ಕನ್ನಡಕ ಬಂತು. ಹಾಕಿಕೊಂಡೆ. ಮೊದಲು ನಿನ್ನ ಹಾಳೆ ಓದಬೇಕು ಅಂತಲೇ ಟಾರ್ಚು ಎತ್ತಿದೆ, ಆದರೆ ಬೆಳಕು ಪಕ್ಕದ ಗೋಡೆಗೆ ಬಿತ್ತು. ಸಾಹೇಬ, ಏನು ಹೇಳಲಿ? ಈ ಕತ್ತಲಲ್ಲಿ ಇಷ್ಟು ದಿನ ನಾನು ಕೆನ್ನೆ ಒತ್ತಿ ಮಲಗಿದ್ದದ್ದು ಇದಕ್ಕಾ? ಒಂದೊಂದು ಹರಳಿಗೂ ಅಂಚಿದೆ. ಗೆರೆ ಎಳೆದಷ್ಟು ನೇರ. ಒಂದರೊಳಗೆ ಒಂದು ಹನಿ ನೀರು ಸಿಕ್ಕಿಕೊಂಡಿದೆ, ಟಾರ್ಚು ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತದೆ. ಮನುಷ್ಯನೇ ಇಲ್ಲದ ಕಾಲದ ಹನಿ ಇರಬೇಕು. ಅದು ಕಾದಿತ್ತು, ನೀನು ಉಜ್ಜಿದ ಗಾಜಿನಲ್ಲಿ ನಾನು ನೋಡಿದೆ. ನನಗೆ ಅಳು ಬಂತು. ಹೆದರಿಕೆಯಿಂದಲ್ಲ. ಹೆದರಿಕೆ ಆಮೇಲೆ ಬಂತು.

ನಿನ್ನೆ ನೀರಿಗೆ ಕೊರತೆ ಇಲ್ಲ ಅಂತ ಬರೆದೆನಲ್ಲ, ಅದು ಅರ್ಧ ಸತ್ಯ. ನೀರು ಏರುತ್ತಿದೆ. ಗೂಡು ಮುಳುಗಿತು. ಈ ಕೋಣೆಯೊಳಗೂ ನುಗ್ಗಿದೆ, ಈಗ ಸೊಂಟಕ್ಕಿದೆ. ನೀವು ಗಾಬರಿಯಾಗಿ ತಪ್ಪು ಕಡೆ ಕೊರೆಯುತ್ತೀರೇನೋ ಅಂತ ಹೇಳಲಿಲ್ಲ.

ಎರಡನೇ ಹಾಳೆ ಓದಿದೆ. ಮನೆಯ ಸುದ್ದಿಯಂತೆ! ನೀನು ದೊಡ್ಡ ಸುಳ್ಳುಗಾರ.

ನನ್ನ ಉತ್ತರ ಹೂಂ. ಆದರೆ ಬಾಡಿಗೆದಾರ ಅಂತ ಬರುವುದಿಲ್ಲ. ಕಾಗದ ಓದಲು ಗುಡ್ಡದೊಳಗೆ ಬಚ್ಚಿಟ್ಟುಕೊಂಡು ಏನಾಯಿತು ನೋಡಿದೆಯಲ್ಲ. ಇನ್ನು ಬಚ್ಚಿಟ್ಟುಕೊಳ್ಳುವುದಿಲ್ಲ. ನಿನ್ನವನು ಅಂತಲೇ ಬರುತ್ತೇನೆ, ಬಂದರೆ.

ಪೆನ್ಸಿಲು ಒದ್ದೆಯಾಗುತ್ತಿದೆ.

ಹೆಗ್ಗಣ


ಮಾರ್ಚ್ 18, ಹಿಂದೆಯೇ

ನನ್ನ ಹೆಗ್ಗಣವೇ,

ಬಂದರೆ ಅನ್ನಬೇಡ. ಆ ಮಾತು ಹೊಡೆದುಹಾಕಿದ್ದೇನೆ.

ಯಾರು ಓದಿದರೂ ಓದಲಿ ಅಂದೆಯಲ್ಲ, ಇವರಿಗೆಲ್ಲ ನಾನು ಬಂದ ದಿನವೇ ಗೊತ್ತಾಗಿದೆ. ನೀನು ಮುಜುಗರಪಟ್ಟುಕೊಳ್ಳುತ್ತೀಯ ಅಂತ ನಾನು ದೊಡ್ಡಪ್ಪನ ಮಗನ ವೇಷ ಹಾಕಿದ್ದೆ. ನಾನು ಇಲ್ಲಿ ಇಳಿದಾಗ ತಂತಿ ನೋಡಿ ನಾಲ್ಕು ಜನ ಹಲಗೆಯ ಹತ್ತಿರ ನಿಂತಿದ್ದರು. ಕೊಕ್ಕೆ ಖಾಲಿ. ಎಂಜಿನಿಯರಮ್ಮ ಒಳ್ಳೆಯವರೇ, ಆದರೆ ಸೂರು ಇನ್ನೂ ಉದುರುತ್ತಿದೆ, ಖಾಲಿ ಕೊಕ್ಕೆಗೋಸ್ಕರ ಜನರನ್ನು ಅಪಾಯಕ್ಕೆ ನೂಕಲು ಅವರು ತಯಾರಿರಲಿಲ್ಲ. "ಬಿಲ್ಲೆ ತೆಗೆದಿದ್ದಾರೆ. ಒಳಗಿದ್ದಾರೆ ಅಂತ ಹೇಗೆ ಹೇಳ್ತೀರಿ?" ಅಂದರು.

"ಕನ್ನಡಕ ಪೆಟ್ಟಿಗೇಲಿಲ್ಲ. ಅವನು ಅದನ್ನ ಹಾಕೋದು ಓದೋಕೆ ಮಾತ್ರ, ಓದೋದು ಆ ಗೂಡಲ್ಲಿ ಮಾತ್ರ. ಅವತ್ತು ನನ್ನ ಕಾಗದ ಬಂದಿತ್ತಂತೆ, ಪಕ್ಕದ ಹಾಸಿಗೆಯವನೇ ಹೇಳಿದ" ಅಂದೆ.

"ಒಂದು ಕಾಗದ ಓದೋಕೆ ಯಾರಾದ್ರೂ ಗುಡ್ಡದೊಳಗೆ ಹೋಗ್ತಾರಾ?"

ಸುತ್ತ ಗಂಡಸರು. ನೀನು ತಾತ ಅನ್ನಿಸಿಕೊಳ್ಳಲು ಹೆದರಿದ ಅದೇ ಗಂಡಸರು. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಕಡೆ ಇಟ್ಟು, ನಿನ್ನನ್ನು ಇನ್ನೊಂದು ಕಡೆ ಇಟ್ಟು ನೋಡಿದೆ. ಯೋಚಿಸುವುದೇನೂ ಇರಲಿಲ್ಲ. "ಹೋಗ್ತಾರಮ್ಮ. ನಾವಿಬ್ರೂ ಒಬ್ಬರಿಗೊಬ್ಬರು ಅಂತ ಇರೋರು. ಅದನ್ನ ಓದೋಕೆ ಅವನಿಗೆ ನಿಮ್ಮ ಕ್ಯಾಂಪಲ್ಲಿ ಜಾಗ ಇರ್ಲಿಲ್ಲ" ಅಂದೆ.

ಯಾರೂ ನಗಲಿಲ್ಲ. ಎಂಜಿನಿಯರಮ್ಮ ಹೆಲ್ಮೆಟ್ ಹಾಕಿಕೊಂಡು ಯಂತ್ರಗಳನ್ನೆಲ್ಲ ನಿಲ್ಲಿಸಿ ಅಂದರು. ಪಂಪು ನಿಂತಿತು, ಜನರೇಟರ್ ನಿಂತಿತು, ಲಾರಿಗಳು ನಿಂತವು. ಇಡೀ ಗುಡ್ಡ ಉಸಿರು ಹಿಡಿದ ಹಾಗೆ. ಮೇಸ್ತ್ರಿ ಬಂಡೆಗೆ ಕಿವಿ ಹಚ್ಚಿ ಮಲಗಿದ. ಎಷ್ಟು ಹೊತ್ತೋ ಏನೂ ಇಲ್ಲ. ಆಮೇಲೆ ಟಕ್, ಟಕ್. ಅಷ್ಟು ದೊಡ್ಡ ಗುಡ್ಡದೊಳಗಿಂದ ನಿನ್ನ ಕೈ. ಅದಕ್ಕಿಂತ ದೊಡ್ಡ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಗೊರಕೆ ನನ್ನನ್ನು ತಬ್ಬಿಕೊಂಡು ಗೋಳೋ ಅಂತ ಅತ್ತ.

ಕೊಕ್ಕೆ ಖಾಲಿ ಇರಬಾರದು ಅಂತ ಮೇಸ್ತ್ರಿಗೆ ಚಡಪಡಿಕೆ. ನಿನ್ನ ಬಿಲ್ಲೆ ನಿನ್ನ ಜೇಬಿನಲ್ಲಿದೆ. ನನ್ನ ಹತ್ತಿರ ಇದ್ದದ್ದು ಮಹಡಿಯ ಕೀಲಿ. ಅದನ್ನೇ ನಿನ್ನ ಕೊಕ್ಕೆಗೆ ಹಾಕಿದ್ದೇನೆ. ನಿಮ್ಮ ಪದ್ಧತಿ ಗೊತ್ತಲ್ಲ, ಬೇರೆ ಯಾರೂ ಅದನ್ನು ತೆಗೆಯುವಂತಿಲ್ಲ. ನಾನೂ ತೆಗೆಯುವಂತಿಲ್ಲ.

ನೀರಿನ ವಿಷಯ ಎಂಜಿನಿಯರಮ್ಮನಿಗೆ ಹೇಳಿದೆ. ದೊಡ್ಡ ತೂತು ಈಗ ನೇರ ಹರಳಿನ ಕೋಣೆಯ ಸೂರಿಗೇ ಬರುತ್ತದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. ಗಾಳಿ ಬರುವ ಮೂಲೆಗೆ ಹೋಗು. ತಲೆಯ ಮೇಲೆ ಹೆಲ್ಮೆಟ್, ಹೆಲ್ಮೆಟ್ಟಿನ ಮೇಲೆ ಕೈ. ಸದ್ದು ನಿಂತ ಮೇಲೆ ಕಣ್ಣು ಮುಚ್ಚಿ ಮೂರು ಸಲ ಬಡಿ.

ಕನ್ನಡಕ ಜೇಬಿಗೆ ಹಾಕು. ಈ ಒಂದು ಸಲ ಮಾತ್ರ.

ಸಾಹೇಬ


ಆಸ್ಪತ್ರೆ, ಮೂಳೆ ವಾರ್ಡು
ಮಾರ್ಚ್ 30

ಸಾಹೇಬ,

ಹೋದ ವಾರ ನಿನ್ನನ್ನು ಬಸ್ಸಿಗೆ ಕಳಿಸಿದ್ದೇ ತಪ್ಪಾಯಿತು. ಅಕ್ಕ ಒಬ್ಬಳೇ ಅಂಗಡಿ ನೋಡಬೇಕಲ್ಲ ಅಂತ ದೊಡ್ಡ ಮನಸ್ಸು ಮಾಡಿದೆ. ಇವತ್ತು ಗೊರಕೆ ನನ್ನ ಪೆಟ್ಟಿಗೆ ತಂದುಕೊಟ್ಟ. ಜೊತೆಗೆ ಕ್ಯಾಂಪಿಗೆ ಬಂದು ಬಿದ್ದಿದ್ದ ಒಂದು ಕಾಗದ. ಹದಿನಾಲ್ಕನೇ ತಾರೀಖಿನದು. ಅಬ್ಬಾ, ಏನು ಬಿಗುಮಾನ! "ಕನ್ನಡಕದ ಅಂಗಡಿಯವನು" ಅಂತೆ! ಆ ಹೊತ್ತಿಗೆ ನಾನು ಕತ್ತಲಲ್ಲಿ ನಿನ್ನ ಎರಡನೇ ಹಾಳೆಯನ್ನು ಬೆರಳಿನಲ್ಲಿ ಸವರಿ ಸವರಿ ಏನಿರಬಹುದು ಅಂತ ಊಹಿಸುತ್ತಿದ್ದೆ. ನೀನು ಬೇರೆ ಯಾರನ್ನೋ ನೋಡಿಕೊಂಡಿದ್ದೀಯ, ಇದು ಕೊನೆಯ ಕಾಗದ ಅಂತಲೇ ಒಂದು ದಿನ ತೀರ್ಮಾನಿಸಿದ್ದೆ. ಇಬ್ಬರೂ ಒಂದೇ ಜಾತಿಯ ಪೆದ್ದರು. ಜೋರಾಗಿ ನಕ್ಕೆ. ಕನ್ನಡಕ ಹಾಕಿಕೊಂಡು ವಾರ್ಡಿನಲ್ಲಿ ಎಲ್ಲರ ಎದುರು ಓದಿ ನಕ್ಕೆ. ನರ್ಸಮ್ಮ ಯಾರ ಕಾಗದ ಅಂದರು. "ನಮ್ಮನೆಯವ್ರದ್ದು" ಅಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು, ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಅಂತ.

ಮೇಲೆ ಬಂದದ್ದರ ಬಗ್ಗೆ ನಿನಗೆ ಇನ್ನೂ ಸರಿಯಾಗಿ ಹೇಳಿಲ್ಲ. ಸದ್ದು ನಿಂತಾಗ ನೀರು ಗಂಟಲಿಗಿತ್ತು. ಬಡಿದೆ. ಸೂರಿನಿಂದ ಒಂದು ಚೂರು ಹಗಲು ಒಳಗೆ ಬಿತ್ತು. ಟಾರ್ಚಿನದಲ್ಲ, ದೀಪದ್ದಲ್ಲ, ಸೂರ್ಯನದು. ಆ ಹರಳುಗಳಿಗೆ ಅದು ಮೊದಲ ಹಗಲು. ಕಣ್ಣು ಮುಚ್ಚು ಅಂತ ನೀನು ಬರೆದಿದ್ದೆ, ಮುಚ್ಚಲಿಲ್ಲ. ಇಡೀ ಕೋಣೆ ಒಂದೇ ಸಲ ಎಚ್ಚರವಾಯಿತು ಸಾಹೇಬ. ನಾನು ಹಗ್ಗ ಹಿಡಿಯುವುದನ್ನೂ ಮರೆತು ನೋಡುತ್ತಿದ್ದೆ. ಮೇಲಿನಿಂದ ಮೇಸ್ತ್ರಿ ನನ್ನ ವಂಶದವರನ್ನೆಲ್ಲ ಸೇರಿಸಿ ಬೈದ ಮೇಲೆಯೇ ಸೊಂಟಕ್ಕೆ ಕಟ್ಟಿಕೊಂಡದ್ದು. ಈಗ ಅದೆಲ್ಲ ನೀರಿನಡಿ ಇರುತ್ತದೆ. ಇರಲಿ, ಅದರ ಮನೆ ಅದು.

ಆಮೇಲಿನದು ನೀನೇ ನೋಡಿದ್ದೀಯ. ಆದರೂ ಬರೆಯುತ್ತೇನೆ, ಬರೆಯಲು ಇಷ್ಟ. ಸ್ಟ್ರೆಚರ್ ಹೊತ್ತು ಇಳಿಸಿದವರು ಸುರಂಗದ ಬಾಯಲ್ಲಿ, ಯಾರೂ ಹೇಳದೇ, ಹಲಗೆಯ ಮುಂದೆ ನಿಂತರು. ನಾನು ಮಲಗಿದಲ್ಲಿಂದಲೇ ಕೈ ಚಾಚಿದೆ. ಕೀಲಿ ಕೊಕ್ಕೆಗೆ ಸಿಕ್ಕಿಕೊಂಡಿತ್ತು, ಬರಲೊಲ್ಲದು. ಅಷ್ಟು ಜನರಲ್ಲಿ ಒಬ್ಬರೂ ಕೈ ಚಾಚಲಿಲ್ಲ, ಚಾಚುವಂತಿಲ್ಲ. ನೀನು ಪಕ್ಕದಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು ನಿಂತಿದ್ದೆ. ಕೊನೆಗೂ ಬಂತು. ಆಗಲೇ ನೀನು ಅತ್ತದ್ದು. ಅಲ್ಲಿಯವರೆಗೂ ಅತ್ತಿರಲಿಲ್ಲ ಅಂತ ಗೊರಕೆ ಹೇಳಿದ.

ಇವತ್ತು ಅಕ್ಕನ ಕಾಗದವೂ ಬಂತು, ನನ್ನ ಹೆಸರಿಗೆ. ನಾಲ್ಕೇ ಸಾಲು. "ನಮ್ಮಪ್ಪನಿಗೆ ತಮ್ಮನೇ ಇರಲಿಲ್ಲ. ಚಿಕ್ಕಪ್ಪನ ಮಗ ಎಲ್ಲಿಂದ ಬಂದ ಅಂತ ನಾನು ಕೇಳದೇ ಸುಮ್ಮನಿದ್ದೆ. ಮಹಡಿ ಗುಡಿಸಬೇಕು, ಇವನು ಕೀಲಿ ಎಲ್ಲಿ ಅಂದರೆ ಬಾಯಿ ಬಿಡುತ್ತಿಲ್ಲ. ಬೇಗ ಬಾ."

ಕೀಲಿ ನನ್ನ ದಿಂಬಿನ ಕೆಳಗಿದೆ ಅಂತ ಅವಳಿಗೆ ಹೇಳು. ಬೀಗದವನನ್ನು ಕರೆಸಬೇಡಿ, ಗುಡಿಸುವುದೂ ಬೇಡ, ಧೂಳು ಇದ್ದರೆ ಇರಲಿ. ಕಾಲು ಕೂಡಲು ಇನ್ನೂ ಸ್ವಲ್ಪ ಸಮಯ ಬೇಕಂತೆ. ಊರುಗೋಲು ಹಿಡಿದು ಮೆಟ್ಟಿಲು ಹತ್ತುವುದು ತಡವಾಗುತ್ತದೆ, ನೀನು ಹಿಂದೆ ನಿಂತು ಬೈಯುತ್ತಿರು. ಬಾಗಿಲು ಮಾತ್ರ ನಾನೇ ನನ್ನ ಕೈಯಾರೆ ತೆಗೆಯುತ್ತೇನೆ.

ನಿನ್ನ
ಹೆಗ್ಗಣ